ಟ್ಯೂಬ್‌ಲೈಟಿನ ಚೋಕೂ ನಮ್ಮ ಪಂಪ್‌ಸೆಟ್ಟೂ

(ಹೋಬಳಿ ಮಟ್ಟದ ರೈತ ಸಭೆಯೊಂದರಲ್ಲಿ ಮಾಡಿದ ಭಾಷಣ. ಓದುವವರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿ ಬರೆಯಲಾಗಿದೆ.)



ಬೆಲೆ, ಸಾಲ, ಜಪ್ತಿ, ಹರಾಜು ಇವುಗಳ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಮಾತಾಡಿದ್ದೇವೆ, ಇನ್ನೂ ಮಾತಾಡುತ್ತೇವೆ. ಇವತ್ತು ನಾನು ಟ್ಯೂಬ್‌ಲೈಟಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನಗಬೇಡಿ. ಸಾಲಕ್ಕೂ ಟ್ಯೂಬ್‌ಲೈಟಿಗೂ ಏನಯ್ಯಾ ಸಂಬಂಧ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ವೋಲ್ಟೇಜು ಬಿದ್ದು ಮೋಟಾರು ಸುಟ್ಟಾಗ ಕಾಯಿಲ್ ಕಟ್ಟಿಸಲು ತಂದ ದುಡ್ಡು ಸಾಲವೇ. ಬೋರ್‌ವೆಲ್ಲಿನಿಂದ ಮೋಟಾರು ಎತ್ತಿಸಿ ಇಳಿಸಿದ ಖರ್ಚು ಸಾಲವೇ. ಆ ಎಂಟು ಹತ್ತು ದಿನ ನೀರಿಲ್ಲದೆ ಬಾಡಿದ ಟೊಮೆಟೊ, ಒಣಗಿದ ಹಿಪ್ಪುನೇರಳೆ, ಅದಕ್ಕೆ ಹಾಕಿದ್ದ ಗೊಬ್ಬರ, ಅದೂ ಸಾಲವೇ. ನಾನು ಒಂದೇ ಬೇಸಿಗೆಯಲ್ಲಿ ಎರಡು ಸಲ ಕಾಯಿಲ್ ಕಟ್ಟಿಸಿದವನು. ಬ್ಯಾಂಕಿನಿಂದ ಬರುವ ನೋಟೀಸಿನಲ್ಲಿ ಅಸಲು ಇರುತ್ತೆ, ಬಡ್ಡಿ ಇರುತ್ತೆ, ವೋಲ್ಟೇಜಿನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಕರೆಂಟಿನ ದರ ಏರಿಸುವ ಮಾತು ಬಂದಾಗಲೆಲ್ಲ ನಮ್ಮ ಮೇಲೆ ಒಂದು ದೂರು ಕೇಳಿಬರುತ್ತದೆ. ಪಂಪ್‌ಸೆಟ್ಟಿನವರಿಂದಲೇ ಲೈನು ಹಾಳು, ಪಂಪ್‌ಸೆಟ್ಟಿನವರಿಂದಲೇ ಗ್ರಿಡ್ಡು ಅಲ್ಲಾಡುತ್ತೆ, ಪೇಟೆಯವರು ಪಾಪ ಒಂದು ದೀಪ ಹಚ್ಚಿಕೊಂಡು ಕೂತಿರುತ್ತಾರೆ ಅಂತ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಆ ದೀಪದ ಒಳಗೇ ಇದೆ. ಅದನ್ನು ಬಿಚ್ಚಿ ನೋಡೋಣ.

ಹಳೆಯ ಟ್ಯೂಬ್‌ಲೈಟಿನ ಪಟ್ಟಿಯ ಮುಚ್ಚಳ ತೆಗೆದವರಿಗೆ ಗೊತ್ತು, ಒಳಗೆ ಒಂದು ಭಾರದ ಡಬ್ಬಿ ಇರುತ್ತೆ. ಅದೇ ಚೋಕು. ತೆಳ್ಳನೆಯ ಕಬ್ಬಿಣದ ಹಾಳೆಗಳನ್ನು ಜೋಡಿಸಿ ಅದಕ್ಕೆ ತಾಮ್ರದ ತಂತಿ ಸುತ್ತಿರುತ್ತಾರೆ. ನಮ್ಮ ಮೋಟಾರಿನ ಹೊಟ್ಟೆಯಲ್ಲಿ ಇರುವುದೂ ಅದೇ ಕಬ್ಬಿಣದ ಹಾಳೆ, ಅದೇ ತಾಮ್ರದ ತಂತಿ. ಒಂದು ತಿರುಗುತ್ತೆ, ಇನ್ನೊಂದು ಕೂತಲ್ಲೇ ಗುಂಯ್ ಅನ್ನುತ್ತೆ, ಅಷ್ಟೇ ವ್ಯತ್ಯಾಸ. ಟ್ಯೂಬಿಗೆ ಚೋಕು ಯಾಕೆ ಬೇಕಪ್ಪಾ ಅಂದರೆ, ಅದರೊಳಗಿನ ಅನಿಲ ಒಮ್ಮೆ ಹೊತ್ತಿಕೊಂಡ ಮೇಲೆ ಕರೆಂಟಿಗೆ ತಡೆಯೇ ಇರುವುದಿಲ್ಲ, ಏರಿ ಒಡೆದ ಕೆರೆಯ ಹಾಗೆ ನುಗ್ಗುತ್ತೆ. ಚೋಕು ಕೆರೆಯ ತೂಬಿನ ಹಾಗೆ ಅದನ್ನು ಹಿಡಿದು ಹಿಡಿದು ಬಿಡುತ್ತೆ.

ಈಗ ಲೆಕ್ಕ ನೋಡಿ. ಟ್ಯೂಬಿನ ಮೇಲೆ 40 ವ್ಯಾಟ್ ಅಂತ ಬರೆದಿರುತ್ತೆ. ಚೋಕು ಬಿಸಿಯಾಗಿ ತಿನ್ನುವುದು ಇನ್ನೊಂದು ಹತ್ತು ಹನ್ನೆರಡು. ಒಟ್ಟು 50 ಚಿಲ್ಲರೆ ವ್ಯಾಟು. ಮನೆಯ ಮೀಟರು ಎಣಿಸುವುದು ಇಷ್ಟನ್ನೇ. ಆದರೆ ಆ ತಂತಿಯಲ್ಲಿ ಹರಿಯುವ ಕರೆಂಟು ಅಳೆದರೆ ಸುಮಾರು 0.43 ಆಂಪಿಯರ್ ಬರುತ್ತೆ. 230 ವೋಲ್ಟಿಗೆ ಗುಣಿಸಿ, ಹತ್ತಿರ ಹತ್ತಿರ 100 ಆಯಿತು. ಅಂದರೆ ಮೀಟರಿನಲ್ಲಿ 50, ತಂತಿಯಲ್ಲಿ 100. ಉಳಿದ 50 ಎಲ್ಲಿ ಹೋಯಿತು? ಕಳ್ಳತನ ಆಗಿಲ್ಲ. ಅದು ಹೋಗಿ ವಾಪಸು ಬಂತು.

ಸಾಲದ ಮಾತಿನಲ್ಲೇ ಹೇಳಿದರೆ ನಮಗೆ ಬೇಗ ತಿಳಿಯುತ್ತೆ. ಚೋಕು ಕೈಗಡ ತರುವ ಗಿರಾಕಿ. ಕಬ್ಬಿಣದಲ್ಲಿ ಅಯಸ್ಕಾಂತ ಹುಟ್ಟಿಸಲು ಅದಕ್ಕೆ ಸ್ವಲ್ಪ ಶಕ್ತಿ ಬೇಕು, ತರುತ್ತೆ. ಮರುಕ್ಷಣ ಅದನ್ನು ಹಿಂದಕ್ಕೆ ಕೊಡುತ್ತೆ. ಸೆಕೆಂಡಿಗೆ ನೂರು ಸಲ ತಂದು ನೂರು ಸಲ ಕೊಡುತ್ತೆ. ಬಡ್ಡಿಯಿಲ್ಲ, ಅಸಲೂ ಉಳಿಯುವುದಿಲ್ಲ, ಅದಕ್ಕೇ ಮನೆಯ ಮೀಟರು ಸುಮ್ಮನಿರುತ್ತೆ. ಆದರೆ ಕೈಗಡ ಕೊಡುವವನು ದೂರದ ಊರಿನಲ್ಲಿದ್ದರೆ ನಡೆದು ನಡೆದು ಕಾಲು ಸವೆಯುವುದಿಲ್ಲವೆ? ಆ ಕಾಲೇ ನಮ್ಮ ಲೈನು, ನಮ್ಮ ಟಿಸಿ. ಇಂಜಿನಿಯರುಗಳು ಈ ಕೈಗಡಕ್ಕೆ ರಿಯಾಕ್ಟಿವ್ ಪವರ್ ಅನ್ನುತ್ತಾರೆ. ಮೀಟರಿನ 50ಕ್ಕೂ ತಂತಿಯ 100ಕ್ಕೂ ಇರುವ ಪ್ರಮಾಣಕ್ಕೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ. ಬರೀ ಚೋಕಿನ ಟ್ಯೂಬ್‌ಲೈಟಿನ ಪವರ್ ಫ್ಯಾಕ್ಟರು ಅರ್ಧದ ಆಸುಪಾಸು.

ಊರಿನ ಟಿಸಿಯ ಮೇಲೆ ಏನು ಬರೆದಿದೆ ನೋಡಿದ್ದೀರಾ? 25 ಕೆವಿಎ, 63 ಕೆವಿಎ, 100 ಕೆವಿಎ ಅಂತ. ಕಿಲೋವ್ಯಾಟ್ ಅಂತ ಬರೆದಿಲ್ಲ. ಯಾಕೆಂದರೆ ಟಿಸಿಗೆ ನಿಮ್ಮ ಮೀಟರಿನ ಲೆಕ್ಕ ಬೇಕಿಲ್ಲ, ತನ್ನ ಮೈಮೇಲೆ ಹರಿಯುವ ಕರೆಂಟೇ ಅದಕ್ಕೆ ಲೆಕ್ಕ. 25 ಕೆವಿಎ ಟಿಸಿ ಮೀಟರಿನ ಲೆಕ್ಕದಲ್ಲಿ 480 ಟ್ಯೂಬು ಉರಿಸಬೇಕು. ಚೋಕಿನ ಕೈಗಡ ಸೇರಿದರೆ 250ಕ್ಕೇ ಅದರ ಶಕ್ತಿ ಮುಗಿಯುತ್ತೆ. ಮೇಲಾಗಿ, ಕರೆಂಟು ಎರಡರಷ್ಟಾದರೆ ತಂತಿ ಬಿಸಿಯಾಗಿ ಪೋಲಾಗುವುದು ನಾಲ್ಕರಷ್ಟು. ಆ ನಷ್ಟವೆಲ್ಲ ದರ ಏರಿಸುವಾಗ ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ನಿಮಗೇ ಗೊತ್ತು.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಬೆರಳುದ್ದದ ಒಂದು ಕಂಡೆನ್ಸರನ್ನು ಟ್ಯೂಬಿನ ಪಟ್ಟಿಯೊಳಗೆ ಕೂರಿಸಿದರೆ ಸಾಕು. ಚೋಕು ಕೇಳುವ ಹೊತ್ತಿಗೆ ಕಂಡೆನ್ಸರು ಕೊಡುತ್ತೆ, ಚೋಕು ಕೊಡುವ ಹೊತ್ತಿಗೆ ಕಂಡೆನ್ಸರು ಇಸಿದುಕೊಳ್ಳುತ್ತೆ. ಕೈಗಡ ಕೊಡುವವನು ಪಕ್ಕದ ಮನೆಯಲ್ಲೇ ಸಿಕ್ಕ ಹಾಗೆ. ಆದರೆ ಮನೆಗೆ ಮಾರುತ್ತಿದ್ದ ಎಷ್ಟೋ ಟ್ಯೂಬ್‌ಲೈಟು ಪಟ್ಟಿಗಳಲ್ಲಿ ಅದು ಇರುತ್ತಿರಲಿಲ್ಲ. ಯಾಕೆ ಇರಬೇಕು? ಕೊಳ್ಳುವವನ ಬಿಲ್ಲಿನಲ್ಲಿ ಅದರಿಂದ ಒಂದು ಪೈಸೆ ಉಳಿಯುತ್ತಿರಲಿಲ್ಲ. ಕಾರ್ಖಾನೆಯವನಿಗೆ ಪವರ್ ಫ್ಯಾಕ್ಟರು ಕಡಿಮೆಯಾದರೆ ದಂಡ ಇದೆ, ಅವನು ಹಾಕಿಸುತ್ತಾನೆ. ಪೇಟೆಯ ಲಕ್ಷಾಂತರ ಮನೆ, ಅಂಗಡಿ, ಕಚೇರಿಗಳ ಕೈಗಡವನ್ನು ಹೊತ್ತದ್ದು ಲೈನು. ಲೈನಿನ ತುದಿಯಲ್ಲಿ ಕೂತವರು ನಾವು.

ತುದಿಯಲ್ಲಿ ಕೂತರೆ ಏನಾಗುತ್ತೆ? ಈ ಕೈಗಡದ ಓಡಾಟ ಹೆಚ್ಚಿದಷ್ಟೂ ದಾರಿಯುದ್ದಕ್ಕೂ ವೋಲ್ಟೇಜು ಇಳಿಯುತ್ತಾ ಬರುತ್ತೆ. ಸಂಜೆ ಏಳು ಗಂಟೆಗೆ ನಮ್ಮ ಊರುಗಳಲ್ಲಿ ಟ್ಯೂಬು ಹೊತ್ತಿಕೊಳ್ಳದೆ ಪಕಪಕ ಅನ್ನುತ್ತಿದ್ದುದು, ಸ್ಟಾರ್ಟರು ತಿರುಗಿಸಿ ತಿರುಗಿಸಿ ಬೆರಳು ನೋಯುತ್ತಿದ್ದುದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಅದೇ ಹೊತ್ತಿನಲ್ಲಿ ಪಕ್ಕದ ಕೊಟ್ಟಿಗೆಯ ಬುರುಡೆ ಬಲ್ಬು ಮೆಣಸಿನಕಾಯಿ ಕೆಂಪಗೆ ಆದರೂ ಸರಿ, ಉರಿಯುತ್ತಿತ್ತು. ವೋಲ್ಟೇಜು ನಾಲ್ಕರಲ್ಲಿ ಒಂದು ಪಾಲು ಬಿತ್ತು ಅಂದರೆ ಟ್ಯೂಬು ಆರಿಹೋಗುವ ಹಂತಕ್ಕೆ ಬಂತು ಅಂತಲೇ ಲೆಕ್ಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಕಿವಿಗೊಟ್ಟು ಕೇಳಿ. ಬುರುಡೆ ಬಲ್ಬು ಕರೆಂಟು ಹೆಚ್ಚು ತಿನ್ನುತ್ತಿತ್ತು, ನಿಜ. ಆದರೆ ಅದಕ್ಕೊಂದು ಮರ್ಯಾದೆ ಇತ್ತು. ವೋಲ್ಟೇಜು ನೂರಕ್ಕೆ 10 ಇಳಿದರೆ ತನ್ನ ಊಟವನ್ನು ನೂರಕ್ಕೆ 15ರಷ್ಟು ತಾನೇ ಕಡಿಮೆ ಮಾಡಿಕೊಳ್ಳುತ್ತಿತ್ತು. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಒಂದು ತುತ್ತು ಕಡಿಮೆ ಉಣ್ಣುವ ಹಿರಿಯರ ಹಾಗೆ. ಚೋಕಿನ ಟ್ಯೂಬೂ ವೋಲ್ಟೇಜು ಇಳಿದಾಗ ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತೆ, ಅದು ಅಷ್ಟು ಕೆಟ್ಟದ್ದಲ್ಲ. ಅದರ ತಪ್ಪು ಕೈಗಡದ್ದು ಮಾತ್ರ. ಆಮೇಲೆ ಬಂದ ಎಲೆಕ್ಟ್ರಾನಿಕ್ ಚೋಕು, ಸಿಎಫ್‌ಎಲ್ ಬಲ್ಬು, ಈಗಿನ ಎಲ್‌ಇಡಿ ಇವುಗಳ ಗುಣ ಬೇರೆ. ಇವುಗಳಲ್ಲಿ ಬಹಳಷ್ಟು, ವೋಲ್ಟೇಜು ಇಳಿದರೂ ನನ್ನ ಪಾಲು ನನಗೆ ಬೇಕು ಅನ್ನುವ ಜಾತಿಯವು. ವೋಲ್ಟೇಜು ಇಳಿದಷ್ಟೂ ಕರೆಂಟು ಹೆಚ್ಚು ಎಳೆಯುತ್ತವೆ. ನಮ್ಮ ಪಂಪಿನ ಮೋಟಾರಿನದೂ ಇದೇ ಗುಣ. ತಿರುಗಬೇಕಾದ ಹೊರೆ ಅಷ್ಟೇ ಇದೆ, ವೋಲ್ಟೇಜು ಇಲ್ಲ, ಆಗ ಕರೆಂಟು ಹೆಚ್ಚು ಎಳೆದು ಬಿಸಿಯಾಗಿ ಸುಡುತ್ತೆ. ಎಲ್ಲರೂ ಹೆಚ್ಚು ಎಳೆದರೆ ವೋಲ್ಟೇಜು ಇನ್ನೂ ಇಳಿಯುತ್ತೆ, ಇಳಿದರೆ ಇನ್ನೂ ಎಳೆಯುತ್ತಾರೆ. ಚಕ್ರಬಡ್ಡಿಯ ಹಾಗೆ. ಗ್ರಿಡ್ಡು ಕುಸಿಯುವ ದಾರಿಗಳಲ್ಲಿ ಇದೂ ಒಂದು.

ಇದು ಬಾಯಿಮಾತಲ್ಲ. 1987ರ ಜುಲೈ 23ರಂದು ಜಪಾನಿನ ಟೋಕಿಯೋದಲ್ಲಿ ನಡೆದದ್ದು ಇದೇ. ವಿಪರೀತ ಬಿಸಿಲಿನ ದಿನ. ಸಿಡಿಲು ಬಡಿಯಲಿಲ್ಲ, ಕಂಬ ಬೀಳಲಿಲ್ಲ. ಮಧ್ಯಾಹ್ನದ ಊಟದ ವಿರಾಮ ಮುಗಿದು ಒಂದು ಗಂಟೆಗೆ ಕಚೇರಿ ಕಾರ್ಖಾನೆಗಳೆಲ್ಲ ಒಟ್ಟಿಗೆ ಕೆಲಸ ಶುರುಮಾಡಿದವು. ನಿಮಿಷಕ್ಕೆ 400 ಮೆಗಾವ್ಯಾಟಿನಂತೆ ಹೊರೆ ಏರಿತು. ಇದ್ದಬದ್ದ ಕಂಡೆನ್ಸರುಗಳನ್ನೆಲ್ಲ ಆಗಲೇ ಲೈನಿಗೆ ಸೇರಿಸಿದ್ದರು. ಆದರೂ 500 ಕಿಲೋವೋಲ್ಟಿನ ದೊಡ್ಡ ಲೈನು 1 ಗಂಟೆ 15 ನಿಮಿಷಕ್ಕೆ 460ಕ್ಕೆ ಇಳಿಯಿತು, ಇನ್ನು ನಾಲ್ಕೇ ನಿಮಿಷಕ್ಕೆ 370ಕ್ಕೆ ಬಂತು, ಲೈನುಗಳು ಕಳಚಿದವು. 8,168 ಮೆಗಾವ್ಯಾಟಿನ ಹೊರೆ ಹೋಯಿತು, 28 ಲಕ್ಷ ಗ್ರಾಹಕರಿಗೆ ಕತ್ತಲೆ. ಅಲ್ಲಿ ಮುಖ್ಯವಾಗಿ ಬೆರಳು ತೋರಿಸಿದ್ದು ಹವಾನಿಯಂತ್ರಣ ಯಂತ್ರಗಳ ಕಡೆಗೆ, ದೀಪಗಳ ಕಡೆಗಲ್ಲ. ಅದನ್ನು ಮುಚ್ಚಿಡಬಾರದು. ಆದರೆ ವೋಲ್ಟೇಜು ಇಳಿದರೂ ಬಿಡದೆ ಎಳೆಯುವ ಅದೇ ಗುಣ ಇವತ್ತಿನ ದೀಪಗಳಿಗೂ ಬಂದಿದೆ ಅನ್ನುವುದು ನನ್ನ ಮಾತು. ಇನ್ನೊಂದು ಮಾತು, ಟೋಕಿಯೋದಲ್ಲಿ ಗ್ರಿಡ್ಡು ಕೆಡವಿದವನು ರೈತ ಅಲ್ಲ.

ಕಂಡೆನ್ಸರುಗಳೆಲ್ಲ ಇದ್ದೂ ಯಾಕೆ ತಡೆಯಲಿಲ್ಲ ಅಂತ ನಿಮಗೆ ಅನುಮಾನ ಬರಬೇಕು. ಕಂಡೆನ್ಸರಿಗೊಂದು ದೌರ್ಬಲ್ಯ ಇದೆ. ವೋಲ್ಟೇಜು ನೂರಕ್ಕೆ 10 ಬಿದ್ದರೆ ಅದು ಕೊಡುವ ಕೈಗಡ ನೂರಕ್ಕೆ 19 ಕಡಿಮೆಯಾಗುತ್ತೆ. ಬರಗಾಲದಲ್ಲಿ ನೆರೆಮನೆಯವನ ಕಣಜವೂ ಖಾಲಿಯಲ್ಲವೆ, ಹಾಗೆ. ಅದಕ್ಕೇ ಕಂಡೆನ್ಸರನ್ನು ಮೊದಲೇ, ಎಲ್ಲ ಕಡೆ ಹಂಚಿ ಹಾಕಿರಬೇಕು, ಕಷ್ಟ ಕಾಲಕ್ಕೆ ವಿದ್ಯುದಾಗಾರಗಳ ಜನರೇಟರುಗಳಲ್ಲಿ ಈ ಕೈಗಡಕ್ಕೆ ಸ್ವಲ್ಪ ಜಾಗ ಉಳಿಸಿಕೊಂಡಿರಬೇಕು. ಅದು ನಮ್ಮ ಕೈಯಲ್ಲಿಲ್ಲ, ಗ್ರಿಡ್ಡು ನಡೆಸುವವರ ಕೈಯಲ್ಲಿದೆ.

ನಮ್ಮ ದೇಶದಲ್ಲಿ 2012ರ ಜುಲೈ 30ರ ನಡುರಾತ್ರಿ ಕಳೆದು ಎರಡೂವರೆ ಗಂಟೆಗೆ ಉತ್ತರದ ಗ್ರಿಡ್ಡು ಬಿತ್ತು. ಮಾರನೆಯ ದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಆಗಲೂ ಮಳೆ ಕೈಕೊಟ್ಟಿದೆ, ರೈತರು ಪಂಪು ಓಡಿಸಿದರು ಅಂತ ಮಾತು ಬಂತು. ವಿಚಾರಣೆಯಲ್ಲಿ ಹೊರಗೆ ಬಂದದ್ದೇನು? ಬೀನಾ ಮತ್ತು ಗ್ವಾಲಿಯರ್ ನಡುವಿನ ದೊಡ್ಡ ಲೈನುಗಳಲ್ಲಿ ಒಂದನ್ನು ಕೆಲಸಕ್ಕೆಂದು ಮೊದಲೇ ನಿಲ್ಲಿಸಿದ್ದರು, ಉಳಿದ ಲೈನುಗಳ ಮೇಲೆ ಹೊರೆ ಬಿತ್ತು, ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಆ ಲೈನನ್ನು ಕಾಯುವ ರಿಲೇ ಕಂಡದ್ದು ಎರಡೇ, ಕರೆಂಟು ಹೆಚ್ಚು, ವೋಲ್ಟೇಜು ಕಡಿಮೆ. ಎಲ್ಲೋ ತಂತಿ ತಾಗಿದೆ ಅಂತ ತಿಳಿದು ಕಳಚಿಬಿಟ್ಟಿತು. ತಂತಿ ತಾಗಿರಲೇ ಇಲ್ಲ. ವೋಲ್ಟೇಜನ್ನು ಕಾಪಾಡುವ ಕೈಗಡದ ಲೆಕ್ಕ ಎಷ್ಟು ದೊಡ್ಡದು ಅಂತ ಇದರಲ್ಲೇ ಗೊತ್ತಾಗುತ್ತೆ. ಆ ದಿನ ನಾವು ಬಚಾವಾದೆವು, ಯಾಕೆಂದರೆ ದಕ್ಷಿಣದ ಗ್ರಿಡ್ಡು ಆಗ ಅವರ ಜೊತೆ ಒಂದೇ ತಾಳಕ್ಕೆ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟಿನ ಲೈನು ಸೇರಿದ ಮೇಲೆ ದೇಶವೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಎಡವಿದರೆ ಎಲ್ಲಕ್ಕೂ ಪೆಟ್ಟು.

ದೀಪ ಅಂದರೆ ಚಿಲ್ಲರೆ ಹೊರೆ ಅಂತ ಇನ್ನೂ ಯಾರಾದರೂ ಹೇಳಿದರೆ 2020ರ ಏಪ್ರಿಲ್ 5 ನೆನಪು ಮಾಡಿ. ಕೊರೊನಾ ಕಾಲ, ಪ್ರಧಾನಿಯವರ ಕರೆಯಂತೆ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೇಶವೆಲ್ಲ ದೀಪ ಆರಿಸಿ ಹಣತೆ ಹಚ್ಚಿತ್ತು. ಗ್ರಿಡ್ಡಿನವರು 12-13 ಸಾವಿರ ಮೆಗಾವ್ಯಾಟು ಇಳಿಯಬಹುದು ಅಂತ ಅಂದಾಜು ಮಾಡಿದ್ದರು. ಇಳಿದದ್ದು 31 ಸಾವಿರಕ್ಕೂ ಮೇಲೆ. 50ರಲ್ಲಿ ನಿಲ್ಲಬೇಕಾದ ಫ್ರೀಕ್ವೆನ್ಸಿ 49.70ರಿಂದ 50.26ರವರೆಗೆ ತೂಗಿತು. ಜಲವಿದ್ಯುತ್ ಕೇಂದ್ರಗಳನ್ನು ಗಬಗಬ ಇಳಿಸಿ ಮತ್ತೆ ಏರಿಸಿ ಸಂಭಾಳಿಸಿದರು. ಚೆನ್ನಾಗಿಯೇ ಸಂಭಾಳಿಸಿದರು, ಅವರ ಕೆಲಸವನ್ನು ಮೆಚ್ಚಬೇಕು. ಆದರೆ ಮನೆಯ ಸ್ವಿಚ್ಚಿನಿಂದ ಗ್ರಿಡ್ಡು ಅಲ್ಲಾಡುತ್ತೆ ಅನ್ನುವುದು ಆ ರಾತ್ರಿ ಎಲ್ಲರಿಗೂ ಗೊತ್ತಾಯಿತು.

ನಡುವೆ ಬಂದ ಸಿಎಫ್‌ಎಲ್ ಬಲ್ಬಿನ ಕಥೆ ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆ ಅಂತ ತಂದು ಬುರುಡೆ ಬಲ್ಬಿನ ಬದಲು ಅದೇ ಬೆಲೆಗೆ ಸಿಎಫ್‌ಎಲ್ ಕೊಡಿಸಲು ಹೊರಟಿತು. 60 ವ್ಯಾಟಿನ ಜಾಗದಲ್ಲಿ ಹದಿನಾಲ್ಕು ಹದಿನೈದು ವ್ಯಾಟು. ಉಳಿತಾಯ ನಿಜ. ಸಂಜೆಯ ಹೊರೆ ಇಳಿದದ್ದೂ ಒಳ್ಳೆಯದೇ. ಆದರೆ ಅಗ್ಗದ ಸಿಎಫ್‌ಎಲ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಅಲೆಯ ನೆತ್ತಿಯಲ್ಲಿ ಮಾತ್ರ ಗುಟುಕು ಗುಟುಕಾಗಿ ಎಳೆಯುತ್ತೆ. ಇದಕ್ಕೆ ಹಾರ್ಮಾನಿಕ್ಸ್ ಅನ್ನುತ್ತಾರೆ. ಮೂರು ಫೇಸಿನ ಮನೆಗಳ ಕರೆಂಟು ಸಾಮಾನ್ಯವಾಗಿ ನ್ಯೂಟ್ರಲ್ ತಂತಿಯಲ್ಲಿ ಒಂದಕ್ಕೊಂದು ವಜಾ ಆಗುತ್ತೆ. ಈ ಗುಟುಕಿನ ಮೂರನೆಯ ಹಾರ್ಮಾನಿಕ್ ಮಾತ್ರ ವಜಾ ಆಗದೆ ಕೂಡಿಕೊಳ್ಳುತ್ತೆ, ನ್ಯೂಟ್ರಲ್ ಬಿಸಿಯಾಗುತ್ತೆ. ನ್ಯೂಟ್ರಲ್ ತುಂಡಾದ ದಿನ ಊರಿನ ಬಲ್ಬು ಟಿವಿ ಎಲ್ಲ ಸುಟ್ಟದ್ದು ನೋಡಿದವರಿಗೆ ಆ ತಂತಿಯ ಬೆಲೆ ಗೊತ್ತು. 2015ರಿಂದ ಉಜಾಲಾ ಯೋಜನೆಯ ಎಲ್‌ಇಡಿ ಬಂತು. ಒಳ್ಳೆಯ ಎಲ್‌ಇಡಿಯಲ್ಲಿ ಇದಕ್ಕೆ ತಿದ್ದುಪಡಿ ಮಾಡಿರುತ್ತಾರೆ. ಸಂತೆಯಲ್ಲಿ ಮೂವತ್ತು ರೂಪಾಯಿಗೆ ಸಿಗುವುದರಲ್ಲಿ ಅದನ್ನು ಹುಡುಕಬೇಡಿ.

ಈಗ ನಮ್ಮ ಹೊಲಕ್ಕೆ ಬರೋಣ. ನಮ್ಮ ಮೇಲಿನ ದೂರಿನಲ್ಲಿ ಅರ್ಧ ಸತ್ಯ ಇದೆ ಅಂದೆನಲ್ಲ, ಆ ಅರ್ಧ ಇಲ್ಲಿದೆ. ಪಂಪಿನ ಮೋಟಾರೂ ಕೈಗಡದ ಗಿರಾಕಿಯೇ, ಚೋಕಿಗಿಂತ ದೊಡ್ಡ ಗಿರಾಕಿ. 5 ಎಚ್‌ಪಿ ಮೋಟಾರಿನ ಪವರ್ ಫ್ಯಾಕ್ಟರು ಮುಕ್ಕಾಲು ಅಂತ ಇಟ್ಟುಕೊಂಡರೆ ಅದು ಟಿಸಿಯ ಮೇಲೆ ಹೇರುವುದು ಸುಮಾರು 6 ಕೆವಿಎ. ಅದಕ್ಕೆ 2 ಕೆವಿಎಆರ್ ಕಂಡೆನ್ಸರು ಕೂರಿಸಿದರೆ 5ರ ಹತ್ತಿರಕ್ಕೆ ಇಳಿಯುತ್ತೆ. ಆರರಲ್ಲಿ ಒಂದು ಪಾಲು ಉಳಿಯಿತು. ನಾಲ್ಕು ಮೋಟಾರಿಗೇ ಏದುಸಿರು ಬಿಡುವ 25 ಕೆವಿಎ ಟಿಸಿ ಆಗ ಐದನೆಯದನ್ನೂ ಹೆಚ್ಚುಕಡಿಮೆ ಎಳೆದುಕೊಂಡು ಹೋಗುತ್ತೆ. ಸಂಪರ್ಕ ಕೊಡುವಾಗ ಕಂಡೆನ್ಸರು ಇರಬೇಕು ಅಂತ ಷರತ್ತಿದೆ. ಆಮೇಲೆ ಅದು ಹಾಳಾಗಿ ಪೆಟ್ಟಿಗೆಯಲ್ಲಿ ಹುಲ್ಲಿಗುಬ್ಬಚ್ಚಿ ಗೂಡು ಕಟ್ಟಿರುತ್ತೆ. ಕೆಲವರು ಅದನ್ನೇ ಕಿತ್ತು, ರಾತ್ರಿ ಎರಡು ಫೇಸಿನಲ್ಲಿ ಮೋಟಾರು ಓಡಿಸಲು ಇಟ್ಟುಕೊಂಡಿರುತ್ತಾರೆ. ಅದು ಮೋಟಾರನ್ನೂ ಕೊಲ್ಲುತ್ತೆ, ಟಿಸಿಯನ್ನೂ ಕೊಲ್ಲುತ್ತೆ.

ಆಟೋ ಸ್ಟಾರ್ಟರಿನದು ಇನ್ನೊಂದು. ತ್ರೀಫೇಸು ಬಂದ ಕೂಡಲೆ ಫೀಡರಿನ ಮೋಟಾರುಗಳೆಲ್ಲ ಒಂದೇ ಉಸಿರಿಗೆ ಏಳುತ್ತವೆ. ಏಳುವಾಗ ಒಂದೊಂದೂ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಟೋಕಿಯೋದ ಒಂದು ಗಂಟೆ ಆಗ ನಮ್ಮ ಹೊಲದಲ್ಲೇ. ಇದನ್ನು ತಪ್ಪಿಸಲು ಯಾವ ಸರ್ಕಾರವೂ ಬೇಕಿಲ್ಲ, ಒಂದು ಟಿಸಿಯವರು ಕೂತು ಮಾತಾಡಿಕೊಂಡು ಸ್ಟಾರ್ಟರುಗಳಲ್ಲಿ ಒಂದೊಂದು ನಿಮಿಷದ ಅಂತರ ಇಟ್ಟುಕೊಂಡರೆ ಆಯಿತು. ಟೈಮರು ಇರುವ ಸ್ಟಾರ್ಟರು ಸಿಗುತ್ತೆ.

ಆದರೆ ಬಾಂಧವರೆ, ನಾವು ನಮ್ಮದನ್ನು ಮಾಡಿದರೆ ಅವರು ಅವರದನ್ನು ಮಾಡಬೇಕಲ್ಲ. ಸಬ್‌ಸ್ಟೇಷನ್ನಿನಲ್ಲಿ ಕೆಪಾಸಿಟರ್ ಬ್ಯಾಂಕು ಅಂತ ಇರುತ್ತೆ. ಬೇಲಿಯೊಳಗೆ ಡಬ್ಬಿಗಳ ಸಾಲು. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಿದವರು ಯಾರು? 1956ರ ವಿದ್ಯುತ್ ನಿಯಮಗಳಲ್ಲೇ ಕೆಳಮಟ್ಟದ ವೋಲ್ಟೇಜು ಹೇಳಿದ ಮಟ್ಟಕ್ಕಿಂತ ನೂರಕ್ಕೆ 6ಕ್ಕಿಂತ ಹೆಚ್ಚು ಏರುಪೇರಾಗಬಾರದು ಅಂತ ಇತ್ತು. ಅಂದರೆ 415ರ ಲೈನು 390ಕ್ಕಿಂತ ಕೆಳಗೆ ಹೋಗಬಾರದಿತ್ತು. ನಮ್ಮ ಮೋಟಾರುಗಳು 320, 330ರಲ್ಲಿ ನರಳಿದ ಬೇಸಿಗೆಗಳು ಎಷ್ಟು! ಪುಕ್ಕಟೆ ಕರೆಂಟು ಅಂತ ಬಾಯಿ ಮುಚ್ಚಿಸುತ್ತಾರೆ. 2008ರಿಂದ 10 ಎಚ್‌ಪಿವರೆಗೆ ಉಚಿತ ಅಂತ ಮಾಡಿದ್ದು ಸರ್ಕಾರ, ಆ ಹಣವನ್ನು ಕಂಪನಿಗೆ ಕಟ್ಟಿಕೊಡಬೇಕಾದ್ದೂ ಸರ್ಕಾರ. ದುಡ್ಡು ಯಾರೇ ಕಟ್ಟಲಿ, ಗ್ರಾಹಕ ಗ್ರಾಹಕನೇ. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೇ ಕಲಮಿನಲ್ಲಿ ಸೇವೆಯ ಮಟ್ಟ ತಪ್ಪಿದರೆ ಪರಿಹಾರ ಉಂಟು, 42ನೇ ಕಲಮಿನಲ್ಲಿ ದೂರು ಕೇಳುವ ವೇದಿಕೆ ಉಂಟು. ಕಾಗದದಲ್ಲಿ ಇರುವುದನ್ನು ಕಾಗದದಲ್ಲೇ ಕೇಳಬೇಕು.

ಹೀಗೆ ಮಾಡಿ. ಒಂದು ಟಿಸಿಗೆ ಒಬ್ಬರು ನೋಟ್‌ಬುಕ್ ಇಡಿ. ಸ್ಟಾರ್ಟರು ಪೆಟ್ಟಿಗೆಯ ವೋಲ್ಟ್‌ಮೀಟರು ದಿನಕ್ಕೆ ಮೂರು ಹೊತ್ತು ನೋಡಿ, ತಾರೀಖು ಗಂಟೆ ಸಮೇತ ಬರೆಯಿರಿ. ಮೋಟಾರು ಸುಟ್ಟರೆ ಕಾಯಿಲ್ ಕಟ್ಟುವವನಿಂದ ರಸೀದಿ ಇಸಿದುಕೊಂಡು ಅದೇ ನೋಟ್‌ಬುಕ್ಕಿಗೆ ಅಂಟಿಸಿ. ತಿಂಗಳಾದ ಮೇಲೆ ಅದರ ನಕಲು ಇಟ್ಟು ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಸಬ್‌ಸ್ಟೇಷನ್ನಿನ ಕೆಪಾಸಿಟರ್ ಬ್ಯಾಂಕು ಎಷ್ಟು ಕೆವಿಎಆರ್‌ದು, ಕಳೆದ ಬೇಸಿಗೆಯಲ್ಲಿ ಎಷ್ಟು ದಿನ ಚಾಲೂ ಇತ್ತು, ಫೀಡರಿನ ಪವರ್ ಫ್ಯಾಕ್ಟರು ಎಷ್ಟು, ಈ ಮೂರು ಪ್ರಶ್ನೆ ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ.

ಸಭೆಯಲ್ಲಿ ಹಿಂದೆ ಕೂತಿದ್ದ ಒಬ್ಬ ಹಿರಿಯರು ಕೇಳಿದರು, ಕಂಡೆನ್ಸರನ್ನು ಸ್ಟಾರ್ಟರಿಗೆ ಮುಂಚೆ ಹಾಕಬೇಕೋ ಆಮೇಲೋ ಅಂತ. ಆಮೇಲೆ, ಮೋಟಾರಿನ ಕಡೆಗೆ. ಮೋಟಾರು ನಿಂತಾಗ ಅದೂ ಲೈನಿನಿಂದ ಕಳಚಬೇಕು. ಸ್ಟಾರ್ ಡೆಲ್ಟಾ ಸ್ಟಾರ್ಟರು ಇದ್ದರೆ ತಿಳಿದ ಎಲೆಕ್ಟ್ರಿಷಿಯನ್ನಿನಿಂದಲೇ ಹಾಕಿಸಿ. ಮೋಟಾರಿಗೆ ಹೇಳಿದ ಅಳತೆಗಿಂತ ದೊಡ್ಡದು ಬೇಡ. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಕರೆಂಟು ಸ್ವಲ್ಪ ಹೊತ್ತು ಕೂತಿರುತ್ತೆ, ಒಂದೆರಡು ನಿಮಿಷ ಮುಟ್ಟಬೇಡಿ, ಮಕ್ಕಳನ್ನು ಪೆಟ್ಟಿಗೆಯ ಹತ್ತಿರ ಬಿಡಬೇಡಿ.